ಕೇಟಿಯ ಕಪಾಟಿನಲ್ಲಿ ಫೆಸ್‌ನ ಲೋಟಗಳು

ಮೊರಾಕ್ಕೊದ ಫೆಸ್ ನಗರದ ಓಣಿಯಲ್ಲಿ ದಾರಿ ತಪ್ಪಿ ನಿಂತಿದ್ದೆವು. ಚಪ್ಪಲಿ ಮಾರುವ ಮುದುಕನೊಬ್ಬ ನಮ್ಮನ್ನು ಮನೆಗೇ ಕರೆದೊಯ್ದ. ಮೂರು ಲೋಟ ಪುದೀನ ಚಹಾ ಕುಡಿಯುವವರೆಗೂ ಬಿಡಲಿಲ್ಲ. ಮರಾಕೆಶ್‌ನಲ್ಲಿ ಬಸ್ಸಿನ ಪಕ್ಕದ ಸೀಟಿನ ಹೆಂಗಸು ಊಟಕ್ಕೆ ಎಳೆದುಕೊಂಡು ಹೋದಳು.

"ಎಂಥ ಜನ ನೋಡ್ರೀ!" ಎಂದು ಹೆಂಡತಿ ದಾರಿಯುದ್ದಕ್ಕೂ ಹೇಳುತ್ತಿದ್ದಳು.

ಅಮೆರಿಕದ ಹ್ಯೂಸ್ಟನ್ ಪಕ್ಕದ ನಮ್ಮೂರು ಕೇಟಿಗೆ ಮರಳಿದರೆ ಪಕ್ಕದ ಮನೆಯ ಮುಂದೆ 'ಎಸ್ಟೇಟ್ ಸೇಲ್' ಬೋರ್ಡು. ಅಲ್ಲಿದ್ದ ಒಂಟಿ ಮುದುಕ ತೀರಿಕೊಂಡಿದ್ದ; ಸಾಮಾನೆಲ್ಲ ಮಾರಾಟಕ್ಕಿತ್ತು. ವರ್ಷಗಟ್ಟಲೆ ಕಾರಿನೊಳಗಿಂದ ಕೈ ಬೀಸಿ ಗ್ಯಾರೇಜ್ ಬಾಗಿಲು ಇಳಿಸಿಕೊಂಡದ್ದು, ಇಷ್ಟೇ ನಮ್ಮ ದರಿದ್ರ ನೆರೆಹೊರೆ. ಆ ಮನೆಯೊಳಗೆ ಅಂದೇ ಮೊದಲು ಕಾಲಿಟ್ಟೆವು.

ಕಪಾಟಿನಲ್ಲಿ ಫೆಸ್‌ನಲ್ಲಿ ಕಂಡಂಥದೇ ಬಣ್ಣದ ಚಹಾ ಲೋಟಗಳ ಸೆಟ್ಟು. ಒಂದು ಲೋಟಕ್ಕೆ ಮಾತ್ರ ಚಹಾದ ಕರೆ ಹಿಡಿದಿತ್ತು. ಉಳಿದವು ಹೊಸದಾಗಿಯೇ ಇದ್ದವು.