ಬಾಜೂ ಮನೆಯ ನೀರು ಕುಡಿಸುವ ಮಾಳಮ್ಮ

ಯೆಣೆಗೂರಿನ ಮೊದಲ ಬಸ್ಸು ಮಹಾರಾಷ್ಟ್ರದ ಉಮರ್ಗಾಕ್ಕೆ ಬರುವಾಗ ಇನ್ನೂ ಚಹಾದಂಗಡಿಯ ಒಲೆ ಹತ್ತಿರುವುದಿಲ್ಲ. ಮಾಳಮ್ಮ ಇಳಿಯುತ್ತಾರೆ. ಕೈಯಲ್ಲಿ ಕಸಬರಿಗೆ ಮತ್ತು ಬಕೆಟ್ಟು, ಬಕೆಟ್ಟಿನೊಳಗೆ ರೊಟ್ಟಿಯ ಬುತ್ತಿ. ಇವತ್ತಿನ ಮನೆ ಬಹಳ ದಿನಗಳಿಂದ ಬೀಗ ಹಾಕಿದ್ದು. ಬಾಗಿಲು ತೆರೆದವರೇ ಜೇಡರ ಬಲೆ ಹೊಡೆದು, ಫರಶಿ ತೊಳೆದು, ಹೊಸ್ತಿಲಿಗೆ ಎರಡೆಳೆ ರಂಗೋಲಿ ಎಳೆಯುತ್ತಾರೆ. ಪಡಸಾಲೆಯ ಕಿಟಕಿಯಲ್ಲಿರುವ ಪಾರಿವಾಳದ ಗೂಡನ್ನು ಮಾತ್ರ ಮುಟ್ಟುವುದಿಲ್ಲ.

“ಮರಿ ಅದಾವ್ರೀ. ಮನಿ ಮಾರೂದ್ರಾಗ ಅವೂ ಹಾರಿ ಹೋಗ್ತಾವ,” ಎನ್ನುತ್ತಾರೆ.

ಮನೆ ಕೊಡಿಸುವ ಏಜೆಂಟ್ ದಿಗಂಬರ ಅವರ ಬಳಿ ಮಾಳಮ್ಮನದು ಕೂಲಿ ಕೆಲಸ. ಗಿರಾಕಿಗಳು ನೋಡಲು ಬರುವ ಮುನ್ನ ಖಾಲಿ ಮನೆಯನ್ನು ಒಪ್ಪ ಮಾಡಿಡಬೇಕು. ದಿನಕ್ಕೊಂದು ಮನೆ, ಅಪರೂಪಕ್ಕೆ ಎರಡು. ಗಿರಾಕಿಗಳಲ್ಲಿ ಅನೇಕರು ಕರ್ನಾಟಕದ ಕಡೆಯವರು. ಗಡಿ ದಾಟಲು ಬಸ್ಸಿನಲ್ಲಿ ಹೆಚ್ಚು ಹೊತ್ತೇನೂ ಬೇಡ. ಆದರೆ ಮನೆ ಕೊಳ್ಳಲು ಬಂದವರಿಗೆ ಇದು ಪರಮುಲ್ಕವೇ. ಕಾಗದಪತ್ರ ಮರಾಠಿ, ಏಜೆಂಟನ ಮಾತು ಮರಾಠಿ. ಖಾಲಿ ಮನೆಯೊಳಗೆ “ಬರ್ರಿ, ಕೂಡ್ರಿ” ಎನ್ನುವ ಕನ್ನಡದ ದನಿ ಮಾಳಮ್ಮನದೊಂದೇ. ಹಾಗಾಗಿ ಎಲ್ಲರೂ ಮೆಲ್ಲಗೆ ಅವರನ್ನೇ ಕೇಳುತ್ತಾರೆ: ಮನೆ ಹೆಂಗದ?

“ಪಗಾರ ದಿಗಂಬರ ಸೇಠಂದು, ಬಂದವರು ನಮ್ಮ ಮಾತಿನ ಮಂದಿ. ಯಾರ ಕಡೆ ಹೇಳ್ಲಿ? ಅದಕ್ಕ ನಾ ಏನೂ ಹೇಳಂಗಿಲ್ರೀ. ಬಾಜೂ ಮನಿಗಿ ಕರಕೊಂಡ ಹೋಗಿ ನೀರ ಕುಡಸ್ತೀನಿ.”

ಈ ರೂಢಿ ಅವರಿಗೆ ಕುರಿಗಳಿಂದ ಬಂದದ್ದು. ಕುರುಬರ ದೇವರು ಬೀರಪ್ಪನ ಒಕ್ಕಲಾದ ಮಾಳಮ್ಮ, ಮದುವೆಯಾದ ಹೊಸದರಲ್ಲಿ ಗಂಡ ಧೂಳಪ್ಪನ ಜೊತೆ ಕುರಿ ಹಿಂಡಿನ ಹಿಂದೆ ನಿಲಂಗಾ, ಉದಗೀರದ ತನಕ ಅಲೆದವರು. ಮೊದಲ ಹೆರಿಗೆಯಾದದ್ದೂ ನಿಲಂಗಾದ ಹತ್ತಿರ ಯಾರದೋ ಹೊಲದ ಗುಡಿಸಲಿನಲ್ಲಿ. ಹೆಸರು ಗೊತ್ತಿಲ್ಲದ ಹೆಂಗಸೊಬ್ಬಳು ಬಿಸಿನೀರು ಕಾಸಿ, ತನ್ನ ಹಳೆಯ ಸೀರೆ ಹರಿದು ಕೊಟ್ಟಿದ್ದಳು. ಹೊಸ ಊರಿಗೆ ಹೋದರೆ ಮೊದಲು ಒಂದು ಮನೆಯಲ್ಲಿ ನೀರು ಕೇಳಬೇಕೆಂದು ಅತ್ತೆ ಕಲಿಸಿದ್ದರು.

“ತಂಬಿಗಿ ಕೊಡೂ ಕೈ ನೋಡಿದ್ರ ತಿಳೀತದ, ರಾತ್ರಿ ಅಲ್ಲಿ ಕುರಿ ನಿಲ್ಲಸಬಹುದೋ ಇಲ್ಲೋ ಅಂತ.”

ಮೊಣಕಾಲು ಸೋತ ಮೇಲೆ ಕುರಿಗಳನ್ನು ಧೂಳಪ್ಪನಿಗೆ ಬಿಟ್ಟು ಈ ಕೆಲಸ ಹಿಡಿದರು.

ನೀರು ಕುಡಿಸುವುದು ದಿಗಂಬರ ಅವರಿಗೆ ಹಿಡಿಸಿಲ್ಲ. ಪಕ್ಕದ ಮನೆಯಲ್ಲಿ ನೀರು ಕುಡಿದ ಗಿರಾಕಿಯೊಬ್ಬರು ಈ ಓಣಿಯ ನಲ್ಲಿಗೆ ನೀರೇ ಬರುವುದಿಲ್ಲವೆಂದು ಕೇಳಿಸಿಕೊಂಡು ಬಂದ ದಾರಿಗೆ ಹೊರಟುಹೋಗಿದ್ದರು. ಅಂದೇ ದಿಗಂಬರ ಬಾಟಲಿ ನೀರಿನ ಪೆಟ್ಟಿಗೆ ತಂದಿಟ್ಟು, ತಮಗೆ ಬರುವ ಕನ್ನಡದಲ್ಲಿ ತಾಕೀತು ಮಾಡಿದ್ದಾರೆ: “ಗಿರಾಕಿಗಿ ಇದು ಕೊಡು. ಇನ್ನೊಂದ್ಸಲ ಬಾಜೂ ಮನಿಗಿ ಹೋದ್ರ, ಕಸಬರಿಗಿ ಇಟ್ಟು ಊರಿಗಿ ನಡಿ.”

ಇಂದಿನ ಗಿರಾಕಿ ಆಳಂದದ ಕಡೆಯ ಅನುಸೂಯಾಬಾಯಿ. ಮಷೀನಿನಲ್ಲಿ ಖಾರ ಕುಟ್ಟಿ ಹೆದ್ದಾರಿಯ ಢಾಬಾಗಳಿಗೆ ಕೊಡುವುದು ಅವರ ಕಸುಬು. ಮಷೀನಿನ ಸದ್ದಿಗೆ ಅಲ್ಲಿನ ಓಣಿಯವರು ಜಗಳ ತೆಗೆದು ಎಬ್ಬಿಸಿದ್ದಾರೆ. ಈ ಮನೆ ಕೊಂಡ ಮೇಲೆ ಇಲ್ಲಿಯವರೂ ಬೇಡವೆಂದರೆ ಕಸುಬೂ ಹೋಯಿತು, ಕೂಡಿಟ್ಟದ್ದೂ ಹೋಯಿತು. ದಿಗಂಬರ ಮಾತ್ರ ಹಿಂದಿನ ಕೋಣೆಯ ಮುಚ್ಚಿದ ಕಿಟಕಿಗೆ ಬೆನ್ನು ಕೊಟ್ಟು ನಿಂತು, “ಕಾಹೀ ಪ್ರಾಬ್ಲೆಮ್ ನಾಹೀ”, ಏನೂ ತೊಂದರೆಯಿಲ್ಲ, ಎಂದು ನಗುತ್ತಾರೆ. ಕೇಳಿದ್ದಕ್ಕೆಲ್ಲ ಅದೇ ಉತ್ತರ.

ಅವರು ಫೋನಿಗೆಂದು ಹೊರಗೆ ಹೋದಾಗ ಅನುಸೂಯಾಬಾಯಿ ಸೆರಗಿನ ತುದಿ ತಿರುವುತ್ತ ಹತ್ತಿರ ಬರುತ್ತಾರೆ. “ಅಕ್ಕಾ, ಖರೇ ಹೇಳ್ರಿ. ಇಲ್ಲೂ ಎಬ್ಬಿಸಿದ್ರ ನಾ ಮತ್ತೆಲ್ಲಿ ಹೋಗ್ಲಿ?”

ಮಾಳಮ್ಮ ಒಮ್ಮೆ ಬಾಟಲಿಯ ಪೆಟ್ಟಿಗೆ ನೋಡುತ್ತಾರೆ, ಒಮ್ಮೆ ತಮ್ಮ ಕಸಬರಿಗೆ ನೋಡುತ್ತಾರೆ. ಕಸಬರಿಗೆಯನ್ನು ಗೋಡೆಗೆ ಆನಿಸಿಡುತ್ತಾರೆ. “ಬಾಟ್ಲಿ ನೀರಿಗಿ ಮಾತ ಬರಂಗಿಲ್ಲವ್ವಾ. ನಡಿ.”

ಪಕ್ಕದ ಮನೆಯ ಗುರುಬಾಯಿ ತಂಬಿಗೆ ತರುತ್ತಾರೆ, ಕೇಳದೆಯೇ ಅಂಗೈಗೊಂದು ಬೆಲ್ಲದ ಚೂರನ್ನೂ ಇಡುತ್ತಾರೆ. ಮಷೀನಿನ ಮಾತು ಕೇಳಿ ಅವರಿಗೆ ನಗು ತಡೆಯುವುದಿಲ್ಲ.

“ಆವಾಜಾ? ಹಿಂದ ಮಂಗಲ ಕಾರ್ಯಾಲಯ ಅದ, ತೋರಸಿಲ್ಲೇನು ನಿನಗ? ಈಗ ಆಷಾಢ ಅಂತ ಸುಮ್ಮ ಅದ. ಲಗ್ನ ಸುರು ಆದ್ರ ಬ್ಯಾಂಡ ಬಾರ್ಸಿ ನಮ್ಮ ಡಬ್ಬಿ, ಡಬರಿ ಎಲ್ಲಾ ಕುಣಸ್ತಾರ. ನಿನ್ನ ಮಷೀನ ಅದರ ಮುಂದ ಜೋಗುಳ ಇದ್ದಂಗ.”

ಹುಡುಕುತ್ತ ಬಂದ ದಿಗಂಬರ ಹೊಸ್ತಿಲಲ್ಲೇ ನಿಲ್ಲುತ್ತಾರೆ. ಮುಚ್ಚಿಟ್ಟ ಕಿಟಕಿಯ ಗುಟ್ಟು ಬಯಲಾಗಿದೆ. ಮಾಳಮ್ಮನನ್ನು ನೋಡುವ ಅವರ ಕಣ್ಣು ಕೆಂಪಾಗುತ್ತದೆ. ಮಾಳಮ್ಮ ತಲೆ ತಗ್ಗಿಸುವುದಿಲ್ಲ.

“ಹಂಗಾರ ನನ್ನ ಮಷೀನಿಗಿ ಯಾರೂ ಸಿಟ್ಟಾಗಂಗಿಲ್ಲ?” ಅನುಸೂಯಾಬಾಯಿ ಇನ್ನೂ ನಂಬದೆ ಕೇಳುತ್ತಾರೆ.

“ಕುಟ್ಟಿದಾಗೊಮ್ಮೆ ನನಗೊಂದ ಮುಟಗಿ ಖಾರಾ ಕೊಡು. ಕೊಡಲಿಲ್ಲಂದ್ರ ಸಿಟ್ಟಾಗ್ತೀನಿ,” ಎನ್ನುತ್ತಾರೆ ಗುರುಬಾಯಿ.

“ಬ್ಯಾಂಡ ಅಂದ್ರ ನನಗ ಭಾಳ ಸೇರ್ತದ ನೋಡ್ರಿ,” ಎಂದು ಅನುಸೂಯಾಬಾಯಿ ದಿಗಂಬರ ಅವರ ಕಡೆ ತಿರುಗುತ್ತಾರೆ. “ಈ ಮನಿ ನನಗಿರ್ಲಿ, ಸೇಠ. ಆ ಕಿಟಕಿ ತೆರೀರಿ, ಗಾಳಿ ಬರ್ಲಿ.”

ಯಾವ ಸದ್ದನ್ನು ಬಚ್ಚಿಟ್ಟರೋ ಆ ಸದ್ದೇ ಮನೆಯನ್ನು ಮಾರಿಕೊಟ್ಟಿದೆ. ದಿಗಂಬರ ಗುರುಬಾಯಿಯ ಮುಂದೆ ಕೈ ಚಾಚಿ ತಾವೂ ನೀರು ಕೇಳುತ್ತಾರೆ. ಕುಡಿದು ಮೀಸೆ ಒರೆಸಿಕೊಂಡು, “ಮಾಳಮ್ಮಾ, ನಾಳೆ ಬರೂ ಗಿರಾಕಿಗೂ ನೀರ ಕುಡಸ್ತೀ ಏನು?” ಎನ್ನುತ್ತಾರೆ.

“ಬಾಟ್ಲಿ ಏನ್ ಮಾಡ್ಲಿ, ಸೇಠ?”

“ನೀ ಕುಡಿ. ಬಸ್ಸಿನಾಗ ಬಾಯಾರಿಕೆ ಆಗ್ತದ.”

ಸಂಜೆ ಊರಿಗೆ ಹೊರಡುವ ಮುನ್ನ ಮಾಳಮ್ಮ ಆ ಮನೆಯ ಕಿಟಕಿಗಳನ್ನು ಮತ್ತೊಮ್ಮೆ ಒರೆಸುತ್ತಾರೆ. ಬದುಕಿನಲ್ಲಿ ಇನ್ನೇನು ಆಸೆಯಿದೆ ಎಂದರೆ ಮೊಣಕಾಲು ಸವರಿಕೊಳ್ಳುತ್ತಾರೆ.

“ಇವು ಇನ್ನೊಂದಿಷ್ಟ ವರ್ಷ ನಡದ್ರ ಸಾಕ್ರೀ. ನಾ ತೊಳೆದ ಮನಿ ಓಣಿಗೊಂದ ಅದಾವ, ಎಲ್ಲಾದ್ರಾಗೂ ಈಗ ಮಂದಿ ಅದಾರ. ಸುಡು ಬ್ಯಾಸಿಗ್ಯಾಗ ಉಮರ್ಗಾದ ಯಾವ ಓಣ್ಯಾಗ ನಿಂತ್ರೂ, ನಾ ಕೇಳೂಕಿಂತ ಮೊದಲ ನನಗ ತಂಬಿಗಿ ಬರ್ತದ.”