ರಂಜಾನ್ ಶರಬತ್ತಿಗೆ ಜಟ್ಟೆಮ್ಮನ ನಾಲಿಗೆ

ಶಿವಾಜಿನಗರ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ತಳ್ಳುಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತ ಜಟ್ಟೆಮ್ಮ ಒಂದೊಂದೇ ಮೂಸಂಬಿಯನ್ನು ಅಂಗೈಯಲ್ಲಿ ತೂಗಿ ನೋಡುತ್ತಾರೆ, ಹೆಬ್ಬೆರಳಿನಿಂದ ಒತ್ತುತ್ತಾರೆ. ಭಾರದ್ದು ಬುಟ್ಟಿಗೆ, ಬೆಂಡಾದದ್ದು ಪಕ್ಕಕ್ಕೆ. ಕಲ್ಲಂಗಡಿಯ ಸರದಿ ಬಂದಾಗ ಕಿವಿ ಹತ್ತಿರ ಇಟ್ಟುಕೊಂಡು ತಟ್ಟುತ್ತಾರೆ, ಬಾಡಿಗೆದಾರರನ್ನು ಎಬ್ಬಿಸುವ ಮನೆ ಮಾಲೀಕರ ಹಾಗೆ.

ಇಂದು ರಂಜಾನಿನ ಮೊದಲ ಉಪವಾಸ. ಗಾಡಿಯ ಒಡತಿ ಉಮ್ಮೆ ಕುಲ್ಸುಂ ಕತ್ತಲಲ್ಲೇ ಉಂಡು, ಬೆಳಗಿನ ನಮಾಜು ಮುಗಿಸಿ ಬಂದಿದ್ದಾರೆ. ಇನ್ನು ಸೂರ್ಯ ಮುಳುಗುವವರೆಗೆ ಹನಿ ನೀರನ್ನೂ ಬಾಯಿಗೆ ಹಾಕುವಂತಿಲ್ಲ. ಆದರೆ ಸಂಜೆ ಗಲ್ಲಿಯ ಮಸೀದಿಯಲ್ಲಿ ಉಪವಾಸ ಬಿಡುವವರಿಗೆ ಒಂದು ಡ್ರಮ್ಮು ಶರಬತ್ತು ಕೊಡಬೇಕಾದವರು ಅವರೇ. ಮಾಡುವವರು ರುಚಿ ನೋಡುವಂತಿಲ್ಲ. ಅದಕ್ಕೇ ಒಂದು ತಿಂಗಳ ಮಟ್ಟಿಗೆ ಈ ಗಾಡಿಗೆ ನಾಲಿಗೆ ಜಟ್ಟೆಮ್ಮನದು.

ಬೋರ್ಡಿನಲ್ಲಿ ಇದರ ಹೆಸರು ‘ಸಮ್ಮರ್ ಕಾಕ್‌ಟೇಲ್’. ಅಬಕಾರಿಯವರು ಗಾಬರಿಯಾಗಬೇಕಿಲ್ಲ. ಕಲ್ಲಂಗಡಿ, ಮೂಸಂಬಿ, ಹಿಡಿಯಷ್ಟು ಕಪ್ಪು ದ್ರಾಕ್ಷಿ, ಜಜ್ಜಿದ ಶುಂಠಿ, ಪುದೀನ, ಮೇಲಿಷ್ಟು ಕಪ್ಪು ಉಪ್ಪು. ಇದರಲ್ಲಿ ತಲೆ ತಿರುಗಿಸುವಂಥದ್ದು ಏನಾದರೂ ಇದ್ದರೆ ಅದು ಮಾರ್ಚ್ ಬಿಸಿಲು ಮಾತ್ರ. ಮಸೀದಿಯ ಬಾಗಿಲು ದಾಟುವಾಗ ಅದೇ ಕಾಕ್‌ಟೇಲ್ ಮರ್ಯಾದೆಯಾಗಿ ಶರಬತ್ತಾಗುತ್ತದೆ.

ಜಟ್ಟೆಮ್ಮ ಯಾದಗಿರಿ ಕಡೆಯವರು. ಗಂಡ ನಿಂಗಣ್ಣ ಗರುಡಾಚಾರ್‌ಪಾಳ್ಯದ ಕಾರ್ಖಾನೆಯೊಂದರಲ್ಲಿ ವಾಚ್‌ಮನ್, ವಾಸ ರಾಮಮೂರ್ತಿ ನಗರದ ಬಾಡಿಗೆ ಕೋಣೆಯಲ್ಲಿ. ಮೊದಲು ಜಟ್ಟೆಮ್ಮ ಕಟ್ಟಡಗಳಲ್ಲಿ ಕಾಂಕ್ರೀಟ್ ಬಾಂಡ್ಲಿ ಹೊರುತ್ತಿದ್ದರು. ಸೊಂಟ ಹಿಡಿದುಕೊಂಡು ಆ ಕೆಲಸ ಬಿಟ್ಟ ಬೇಸಿಗೆಯಲ್ಲಿ, ಆಸ್ಪತ್ರೆಯಿಂದ ಬಸ್ಸಿಗೆ ಹೋಗುವ ದಾರಿಯಲ್ಲಿ ಈ ಗಾಡಿಯ ಮುಂದೆ ನಿಂತು ಒಂದು ಲೋಟ ಕುಡಿದರು. ಕುಡಿದವರು, “ಕಹಿ ಆಗೇದ ನೋಡ್ರಿ” ಎಂದರು.

“ಅರೇ, ಅಲ್ಲೀವರೆಗೂ ಎಲ್ಲಾರೂ ಕುಡ್ಕೊಂಡು ಸುಮ್ನೆ ಹೋಗ್ಬಿಡೋರು,” ಎನ್ನುತ್ತಾರೆ ಕುಲ್ಸುಂ. “ಆಮೇಲೆ ರಶ್ ಆಗತ್ತೆ ಅಂತ ನಾನು ಮೂಸಂಬಿ ಬೆಳಗ್ಗೇನೇ ಹಿಂಡಿಡ್ತಿದ್ದೆ. ಇಟ್ಟಷ್ಟೂ ಕಹಿ ಅದು. ಮುಖದ ಮೇಲೆ ಹೇಳಿದ್ದು ಇವಳೊಬ್ಳೇ. ನಾಳೆಯಿಂದ ಬಾಮ್ಮಾ ಕೆಲಸಕ್ಕೆ, ಅಂದ್ಬಿಟ್ಟೆ.”

“ಬೈಸ್ಕೊಳ್ಳಾಕ ತಯಾರಾಗಿ ನಿಂತಿದ್ದೆ, ಕೆಲಸ ಸಿಕ್ಕಿತು,” ಎಂದು ಜಟ್ಟೆಮ್ಮ ನಗುತ್ತಾರೆ. “ನೆರಳಾಗ ಕುಂತು ದುಡಿಯೋದು ಅಂದ್ರ ಹ್ಯಾಂಗಂತ ಗೊತ್ತಾಗಿದ್ದು ಇಲ್ಲಿ ಬಂದ ಮ್ಯಾಲೇ. ಎಲ್ಲಾ ಆಪಾನ ಪುಣ್ಯ.” ಆಪಾ ಎಂದರೆ ಅಕ್ಕ, ಕುಲ್ಸುಂ ಅವರನ್ನು ಇಡೀ ಗಲ್ಲಿ ಕರೆಯುವುದೇ ಹಾಗೆ.

ಅಂಥ ನಾಲಿಗೆಯೇ ಕಳೆದ ರಂಜಾನಿನಲ್ಲಿ ಕೈಕೊಟ್ಟಿತು. ತಪ್ಪಾದದ್ದು ಪ್ರೀತಿಯಿಂದ. ಆಪಾ ಗಂಟಲೊಣಗಿಸಿಕೊಂಡು ನಿಂತಿರುವಾಗ ಅವರ ಕಣ್ಣೆದುರೇ ತಾನು ಉಣ್ಣುವುದೇ ಎನ್ನಿಸಿ, ಜಟ್ಟೆಮ್ಮ ಒಂದು ದಿನ ಯಾರಿಗೂ ಹೇಳದೆ ತಾವೂ ಉಪವಾಸ ಹಿಡಿದುಬಿಟ್ಟರು. ಹಿಡಿದ ಮೇಲೆ ರುಚಿ ನೋಡುವುದು ಹೇಗೆ? ಕಣ್ಣಂದಾಜಿನಲ್ಲಿ ಉಪ್ಪು ಬಿತ್ತು. ಹಸಿವಿನ ಮಂಪರಿನಲ್ಲಿ ಇನ್ನೊಮ್ಮೆಯೂ ಬಿತ್ತು. ದಿನವಿಡೀ ಬಾಯಾರಿದ್ದವರ ಮೊದಲ ಗುಟುಕೇ ಉಪ್ಪುಪ್ಪು. ಮಸೀದಿಯಲ್ಲಿ ಇಫ್ತಾರಿನ ಉಸ್ತುವಾರಿ ನೋಡುವ ಮುಕ್ತಾರ್ ಲೋಟ ಹಿಡಿದುಕೊಂಡೇ ಗಾಡಿಗೆ ಬಂದು, “ಆಪಾ, ಸಮುದ್ರ ಎಲ್ಲಿಂದ ತರಿಸಿದ್ರಿ?” ಎಂದು ಕೇಳಿದರು.

ಗುಟ್ಟು ರಟ್ಟಾದಾಗ ಕುಲ್ಸುಂ ಬೈದದ್ದನ್ನು ಜಟ್ಟೆಮ್ಮ ಈಗಲೂ ಅವರದೇ ದನಿಯಲ್ಲಿ ಒಪ್ಪಿಸುತ್ತಾರೆ: “‘ನಾನು ಉಪವಾಸ ಇದ್ರೆ ನಂಗೊಬ್ಳಿಗೆ ಪುಣ್ಯ. ನೀನು ಉಪವಾಸ ಇದ್ರೆ ಇಡೀ ಗಲ್ಲಿಗೆ ಪನಿಷ್‌ಮೆಂಟು! ಉಣ್ಣೇ ಜಟ್ಟೀ, ಕೈ ಮುಗೀತೀನಿ!’” ಮರುದಿನದಿಂದ ಹಬ್ಬದವರೆಗೂ, ಉಪವಾಸವಿದ್ದ ಕುಲ್ಸುಂ ಮಧ್ಯಾಹ್ನ ಎದುರಿಗೆ ಕೂತು, ಜಟ್ಟೆಮ್ಮನ ಡಬ್ಬಿಯ ಕೊನೆಯ ರೊಟ್ಟಿ ಮುಗಿಯುವವರೆಗೆ ಕಾವಲು ಕಾದರು.

ಈ ಸಲ ಮುಕ್ತಾರ್ ಮೊದಲೇ ಎಚ್ಚರ. ಬಾಟಲಿ ಸಿರಪ್ ತರಿಸಿ ನೀರು ಬೆರೆಸಿದರೆ ತಲೆನೋವಿಲ್ಲ ಎಂದರು. “ಮೊದಲ್ನೇ ದಿನದ್ದು ಕುಡೀರಿ, ಆಮೇಲೆ ಮಾತಾಡಿ” ಎಂದರು ಕುಲ್ಸುಂ. ಹಾಗಾಗಿ ಇವತ್ತಿನ ಡ್ರಮ್ಮು ಚೆನ್ನಾಗಿ ಬಂದರೆ ತಿಂಗಳಿಡೀ ಹಣ್ಣಿನ ಶರಬತ್ತು. ಕೆಟ್ಟರೆ ನಾಳೆಯಿಂದ ಸಿರಪ್ಪು. ಜಟ್ಟೆಮ್ಮ ಬೆಳಗ್ಗೆ ಒಂದೊಂದು ಹಣ್ಣನ್ನೂ ತೂಗಿ, ತಟ್ಟಿ ನೋಡಿದ್ದಕ್ಕೆ ಕಾರಣ ಇದೇ.

ಬಿಸಿಲು ಇಳಿದ ಮೇಲೆ ಹಿಂಡುವುದು ಶುರು. ಜಟ್ಟೆಮ್ಮ ಮೂಸಂಬಿಯ ಬಿಳಿ ನಾರು ಉಳಿಯದಂತೆ ಸಿಪ್ಪೆ ಕೆತ್ತಿ ಕೊಡುತ್ತಾರೆ, ಕುಲ್ಸುಂ ಮಷೀನಿನ ಹಿಡಿ ತಿರುಗಿಸುತ್ತಾರೆ. ಡ್ರಮ್ಮು ತುಂಬಿದ ಮೇಲೆ ಜಟ್ಟೆಮ್ಮ ಸೌಟಿನಿಂದ ಅಂಗೈಗೆ ಒಂದಿಷ್ಟು ಸುರಿದುಕೊಂಡು, ಬಾಯಿಗೆ ಹಾಕಿ, ಕಣ್ಣು ಮುಚ್ಚುತ್ತಾರೆ.

“ಕ್ಯಾ? ಹೇಳೇ ಬೇಗ.”

“ಶುಂಠಿ ಸಾಲಂಗಿಲ್ರಿ.”

“ಉಪ್ಪು?”

“ಆ ಸುದ್ದಿ ಎತ್ತಬ್ಯಾಡ್ರಿ ಆಪಾ. ಬರೋಬ್ಬರಿ ಅದ.”

ಇನ್ನಷ್ಟು ಶುಂಠಿ ಬಿದ್ದ ಮೇಲೆ ಡ್ರಮ್ಮು ಮಸೀದಿಗೆ ಹೋಗುತ್ತದೆ. ಆಜಾನ್ ಕೇಳುತ್ತದೆ. ಉಪವಾಸ ಬಿಡುವ ಹೊತ್ತು. ಸ್ವಲ್ಪ ಹೊತ್ತಿಗೆ ಮಸೀದಿಯ ಕಡೆಯಿಂದ ಮುಕ್ತಾರ್ ಬರುವುದು ಕಂಡು ಜಟ್ಟೆಮ್ಮ ಎದ್ದು ನಿಲ್ಲುತ್ತಾರೆ. ಮುಕ್ತಾರ್ ಕೈಯಲ್ಲಿ ಖಾಲಿ ಜಗ್ಗು. “ಇನ್ನೊಂದು ಜಗ್ಗಿನಷ್ಟು ಇದ್ಯಾ ಆಪಾ? ಹಿಂದಿನ ಸಾಲಿನವರಿಗೆ ಸಾಕಾಗ್ಲಿಲ್ಲ.” ಸಿರಪ್ಪಿನ ಮಾತನ್ನು ಅವರೂ ಎತ್ತುವುದಿಲ್ಲ, ಇವರೂ ಕೇಳುವುದಿಲ್ಲ.

ಸಂತೋಷವಾಯಿತೇ ಎಂದರೆ ಜಟ್ಟೆಮ್ಮ ಜಗ್ಗಿನ ವಿಷಯ ಹೇಳುವುದಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಗಾಡಿಯ ಆಚೆ ಕೂತ ಆಪಾನ ಕಡೆ ಗದ್ದ ತೋರಿಸುತ್ತಾರೆ.

“ಹೋದ ವರ್ಷ ಉಪ್ಪಾದ ಮ್ಯಾಲೆ ಅವರು ಮೊದಲ ಗುಟುಕು ಕುಡಿಯೋ ಮುಂದ ದಿನಾ ನನ್ನ ಮಾರಿ ನೋಡ್ತಿದ್ರು. ಇವತ್ತ ನೋಡ್ಲಿಲ್ರಿ. ಖರ್ಜೂರ ತಿಂದ್ರು, ಲೋಟ ಎತ್ತಿದ್ರು, ಕುಡುದ್ರು.”