ಮೂರು ದಿನದ ಹಿಟ್ಟು, ಒಂದು ವರ್ಷದ ಪೆಟ್ರೋಲು

ನಮ್ಮ ಮನೆಗೆ ಗರಗಸದ ಯಂತ್ರ ಬಂದದ್ದು ಅವ್ವನ ಒಲೆಗಾಗಿ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ತೇರದಾಳದ ನಮ್ಮ ಓಣಿಯವರೆಲ್ಲ ನನಗೆ ಹೊಸ ಶೋಕಿ ಹತ್ತಿದೆ ಎಂದೇ ತಿಳಿದಿದ್ದರು. ಅವರದೂ ಪೂರ್ತಿ ತಪ್ಪೆನ್ನಲಾರೆ.

ತೊಂಬತ್ತರ ದಶಕದ ಮಾತು. ನಾನು ಬನಹಟ್ಟಿಯ ಒಂದು ಕಚೇರಿಯಲ್ಲಿ ಗುಮಾಸ್ತ, ದಿನಾ ಸ್ಕೂಟರಿನ ಮೇಲೆ ಹೋಗಿ ಬರುವವನು. ಒಳಗೆ ಹೆಂಡತಿಯ ಗ್ಯಾಸ್ ಒಲೆ ಇತ್ತು. ಅವ್ವ ಮಾತ್ರ ತನ್ನ ಅಡಿಗೆಯನ್ನು ತಾನೇ ಮಾಡಿಕೊಳ್ಳುತ್ತಿದ್ದಳು, ಹಿತ್ತಲ ಕಡೆಯ ಕಟ್ಟಿಗೆ ಒಲೆಯ ಮೇಲೆ. ನಮ್ಮದು ಜೈನ ಮನೆತನ, ಅದರಲ್ಲೂ ಅವ್ವನ ನೇಮ ಬಲು ಬಿಗಿ. ಮಳೆಗಾಲದ ನಾಲ್ಕು ತಿಂಗಳು ಆಕೆಗೆ ಒಪ್ಪತ್ತು. ದಿನಕ್ಕೆ ಒಂದೇ ಊಟ, ಅದೂ ಹೊತ್ತು ಮುಳುಗುವುದರೊಳಗೆ. ಸೋಸಿ ಕಾಯಿಸಿದ ನೀರೂ ಆ ಊಟದ ಜೊತೆಗೇ. ಬೀಸಿದ ಹಿಟ್ಟು ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು. ಒಂದು ದಿನ ಹೆಚ್ಚಾದರೆ ಅದು ಎಮ್ಮೆಯ ಪಾಲು. ಹಿಟ್ಟಿನ ಡಬ್ಬಿಗೊಂದು ಕ್ಯಾಲೆಂಡರ್ ಕಟ್ಟಿಬಿಡು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಕಟ್ಟಿಗೆಗೂ ನೇಮವಿತ್ತು. ಒಲೆಗೆ ಹಾಕುವ ಮೊದಲು ಕಲ್ಲಿಗೆ ಮೂರು ಸಲ ಕುಟ್ಟಬೇಕು, ಬಿರುಕಿನೊಳಗಿನ ಇರುವೆ ಹುಳ ಹೊರಬೀಳುವ ತನಕ ಕಾಯಬೇಕು.

ಅವ್ವನ ಮನಸ್ಸಿಗೆ ಬರುವಂತೆ ಕಟ್ಟಿಗೆ ಕಡಿದು ಕೊಡುತ್ತಿದ್ದ ಮುದುಕನೊಬ್ಬ ಇದ್ದ. ಆತ ಮಗಳ ಮನೆಯೆಂದು ಲೋಕಾಪುರಕ್ಕೆ ಹೋಗಿ ಅಲ್ಲೇ ಉಳಿದುಬಿಟ್ಟ. ಅಡ್ಡೆಯಲ್ಲಿ ಮಾರುವ ಕಟ್ಟಿಗೆ ಮಳೆಗೆ ನೆಂದು ಹುಳ ಹಿಡಿದದ್ದು, ಅದು ಅವ್ವನಿಗೆ ನಡೆಯುತ್ತಿರಲಿಲ್ಲ. ಹಿತ್ತಲ ತಗಡಿನ ಕೆಳಗೆ ಹೊಲದಿಂದ ತಂದ ಜಾಲಿಯ ಟೊಂಗೆಗಳು ಬೇಕಾದಷ್ಟು ಒಣಗಿ ಬಿದ್ದಿದ್ದವು. ತೋಳಿನ ಗಾತ್ರದ್ದರಿಂದ ತೊಡೆಯ ಗಾತ್ರದವರೆಗೆ, ಕಬ್ಬಿಣದಂಥವು. ನಾನೇ ಕೊಡಲಿ ಎತ್ತಿ ನೋಡಿದೆ. ಮರುದಿನ ನಡ ಹಿಡಿದುಕೊಂಡು ರಜೆ ಹಾಕಿದೆ. ಆಗ ಯಂತ್ರದ ವಿಚಾರ ತಲೆಗೆ ಬಂತು.

ಅವ್ವ ಮೊದಲು ಒಪ್ಪಲಿಲ್ಲ. ಆಕೆಯ ತಕರಾರು ನಾನು ಊಹಿಸದೇ ಇದ್ದದ್ದು.

"ಕೊಡ್ಲಿ ಏಟು ಬಿತ್ತಂದ್ರ ಒಳಗಿನ ಇರಿವಿಗೆ ಗೊತ್ತಾಗತೈತಿ, ಓಡಿ ಹೋಗತಾವು. ಇದು ಹೇಳದ ಕೇಳದ ಕೊಯ್ಕೊಂಡ ಹೋಗತೈತಲ್ಲೋ ತಮ್ಮಾ" ಅಂದಳು.

ಕೊನೆಗೆ ಆಕೆಯೇ ದಾರಿ ಹುಡುಕಿದಳು. ಕೊಯ್ಯುವ ಹಿಂದಿನ ದಿನ ಟೊಂಗೆಗಳನ್ನು ತಾನೇ ಕುಟ್ಟಿ, ನೋಡಿ, ಬಿಸಿಲಿಗೆ ಇಡುವುದು. ಆಕೆ ನೋಡಿದ್ದನ್ನಷ್ಟೇ ನಾನು ಕೊಯ್ಯುವುದು. ನಾನು ಜಮಖಂಡಿಗೆ ಹೊರಟಾಗ ಎಲ್ಲಕ್ಕೂ ದಪ್ಪ ಟೊಂಗೆಗೆ ದಾರ ಸುತ್ತಿ, ಗಂಟು ಹಾಕಿ, ಆ ದಾರವನ್ನು ನನ್ನ ಅಂಗಿಯ ಕಿಸೆಯಲ್ಲಿ ಇಟ್ಟಳು.

ಜಮಖಂಡಿಯಲ್ಲಿ ಪಂಪ್‌ಸೆಟ್ಟು, ಔಷಧ ಹೊಡೆಯುವ ಪಂಪು ಮಾರುವ ಅಂಗಡಿಯೊಂದರಲ್ಲಿ ಮೂರು ಯಂತ್ರಗಳಿದ್ದವು. ಒಂದು ಕರೆಂಟಿನದು. ಹಗುರ, ಗದ್ದಲ ಕಡಿಮೆ, ಪೆಟ್ರೋಲಿನ ಉಸಾಬರಿ ಇಲ್ಲ. ಆದರೆ ನಮ್ಮೂರಲ್ಲಿ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದನ್ನು ಕರೆಂಟಿನ ಮಗ್ಗ ನಡೆಸುವವರೂ ಹೇಳಲಾರರು. ಅದನ್ನು ಬಿಟ್ಟೆ. ಪೆಟ್ರೋಲಿನವು ಎರಡು, ಒಂದು ದೊಡ್ಡದು, ಒಂದು ಚಿಕ್ಕದು. ನನ್ನ ಕೈ ತಾನಾಗಿಯೇ ದೊಡ್ಡದರ ಕಡೆ ಹೋಯಿತು. ಅಂಗಡಿಯವನು ಅವ್ವನ ದಾರವನ್ನು ಮೂರು ಮಡಿಕೆ ಮಾಡಿ ಅಳತೆಪಟ್ಟಿಯ ಮೇಲಿಟ್ಟು, ಸುತ್ತಳತೆಯ ಮೂರನೇ ಒಂದು ಪಾಲು, ದಪ್ಪ ಒಂಬತ್ತು ಇಂಚು ಅಂದ. ಚಿಕ್ಕದರ ಅಲಗು ಹನ್ನೆರಡು ಇಂಚು ಇತ್ತು.

"ವರ್ಷಕ್ಕ ನಾಕ ಸಲ ಕೊಯ್ಯಾವ್ರಿಗೆ ದೊಡ್ಡದ್ಯಾಕ್ರಿ? ಕೈ ಸೋತ ಮ್ಯಾಲೇನ ಅದು ಕಾಲಿಗೆ ಬರೂದು" ಅಂದ ಆತ.

ಮುಖ ಸಣ್ಣದು ಮಾಡಿಕೊಂಡು ಚಿಕ್ಕದನ್ನೇ ಕಟ್ಟಿಸಿದೆ. ಒಂದು ಲೀಟರ್ ಪೆಟ್ರೋಲಿಗೆ ನಲವತ್ತು ಮಿಲಿ ಎಣ್ಣೆ ಕಲಸಬೇಕು, ಚೈನಿಗೆ ಬಿಡುವ ಎಣ್ಣೆಯೇ ಬೇರೆ, ಅದರ ಬಾಯಿಯೂ ಬೇರೆ, ಒಂದಕ್ಕೊಂದು ಅದಲುಬದಲು ಮಾಡಬೇಡಿ ಎಂದು ವಿವರಿಸಿದ. ಕಲಸಿದ್ದರ ಬಗ್ಗೆ ಇನ್ನೂ ಏನೋ ಹೇಳಲಿದ್ದ. ನಾನು ಸ್ಕೂಟರ್ ಇಟ್ಟವನು, ಎಣ್ಣೆ ಕಲಸುವುದು ನನಗೆ ಹೊಸದಲ್ಲ ಎಂದು ಅವನ ಮಾತು ಮುರಿದು ಬಸ್ಸಿಗೆ ಓಡಿದೆ. ನನ್ನ ಸ್ವಭಾವವೇ ಹಾಗೆ, ಅರ್ಧ ಕೇಳಿದರೆ ಪೂರ್ತಿ ತಿಳಿಯಿತು ಅನ್ನಿಸುತ್ತದೆ.

ಮೊದಲ ವರ್ಷ ಎಲ್ಲ ಚೆಂದ ನಡೆಯಿತು. ಅವ್ವ ಕುಟ್ಟಿ ಇಟ್ಟ ಟೊಂಗೆಗಳನ್ನು ಒಂದು ಮುಂಜಾನೆಯಲ್ಲಿ ತುಂಡು ಮಾಡಿ ಒಟ್ಟಿದೆ. ಓಣಿಯೆಲ್ಲ ನಿಂತು ನೋಡಿತು. ಮಿಕ್ಕ ಪೆಟ್ರೋಲನ್ನು ಡಬ್ಬಿಯಲ್ಲೂ ಯಂತ್ರದ ಹೊಟ್ಟೆಯಲ್ಲೂ ಹಾಗೇ ಬಿಟ್ಟು ಅಟ್ಟಕ್ಕೆ ಏರಿಸಿದೆ.

ಮರುವರ್ಷದ ಶ್ರಾವಣ. ಕಟ್ಟಿಗೆ ಮುಗಿಯುತ್ತ ಬಂತೆಂದು ಅವ್ವ ಒಂದು ವಾರ ಮೊದಲೇ ಹೇಳಿದ್ದಳು. ಕಾಲು ತಾಸಿನ ಕೆಲಸ, ಏನವಸರ ಎಂದು ದಿನ ದೂಡಿದೆ. ಕೊಡಲಿಯ ಕಾವು ಮುರಿದಿತ್ತು; ಯಂತ್ರ ಇದೆಯಲ್ಲ ಎಂದು ಹಾಕಿಸಿರಲಿಲ್ಲ. ಭಾನುವಾರ ಮುಂಜಾನೆ ಅವ್ವ ಒಲೆ ಸಾರಿಸಿ, ನೀರು ಸೋಸಿ, ಹಿಟ್ಟು ತೆಗೆದಿಟ್ಟುಕೊಂಡು ಕೂತಳು. ಒಂದು ತುಂಡು ಕಟ್ಟಿಗೆಯೂ ಉಳಿದಿರಲಿಲ್ಲ. ಆಕೆ ಉಂಡದ್ದು ಹಿಂದಿನ ದಿನದ ಮಧ್ಯಾಹ್ನ.

ನಾನು ಯಂತ್ರವನ್ನು ಅಟ್ಟದಿಂದ ಇಳಿಸಿ, ಅದನ್ನು ಶುರುಮಾಡುವ ಹಗ್ಗ ಜಗ್ಗಿದೆ. ಯಂತ್ರ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮತ್ತೆ ಜಗ್ಗಿದೆ. ಹತ್ತು ಸಲ, ಇಪ್ಪತ್ತು ಸಲ. ಪ್ಲಗ್ ಬಿಚ್ಚಿ ಒರೆಸಿದೆ. ಅಂಗಡಿಯವನನ್ನು ಬೈದೆ, ಯಂತ್ರ ಮಾಡಿದವರನ್ನು ಬೈದೆ. ಹನ್ನೆರಡರ ಸುಮಾರಿಗೆ ಅವ್ವ ಹತ್ತಿರ ಬಂದು, ಪೆಟ್ರೋಲಿನ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದಳು.

"ಇದನ್ನ ಯಾವಾಗ ಕಲಿಸಿಟ್ಟಿದ್ದೋ ತಮ್ಮಾ?"

ಹೋದ ವರ್ಷ, ಅಂದೆ.

"ಹಿಟ್ಟು ಮೂರ ದಿನಕ್ಕ ಕೆಡತೈತಿ. ಇದು ವರ್ಷಗಟ್ಲೆ ಇರತೈತೇನು? ವಾಸನಿ ಬ್ಯಾರೇ ಆಗೇತಿ ನೋಡು."

"ಇದು ಮಷೀನ ಐತಬೇ, ನಿನ್ನ ಹಿಟ್ಟಿನ ಡಬ್ಬಿ ಅಲ್ಲ. ನಿನಗ ತಿಳಿಯಂಗಿಲ್ಲ, ಒಳಗ ಹೋಗು."

ಅವ್ವ ಒಳಗೆ ಹೋದಳು. ಎರಡಕ್ಕೆ ಹೆಂಡತಿ ಊಟಕ್ಕೆ ಕರೆದಳು. ಅವ್ವನಿಗೆ ಗ್ಯಾಸಿನ ಮೇಲೇ ಮಾಡಿಕೊಡುತ್ತೇನೆಂದು ಆಕೆ ಕೇಳಿಯೂ ಕೇಳಿದಳಂತೆ. ತನ್ನ ಒಲೆಯ ಮೇಲೆ ಬೆಂದದ್ದನ್ನಷ್ಟೇ ಉಣ್ಣುವ ನೇಮ ಮುರಿಯಲಾರೆ ಎಂದಳಂತೆ ಅವ್ವ. ನಾನು ಸಿಟ್ಟಿನಲ್ಲೇ ಕೂತು ನಾಲ್ಕು ರೊಟ್ಟಿ ಉಂಡೆ, ಮೇಲೆ ಒಂದು ತಂಬಿಗೆ ಮಜ್ಜಿಗೆ ಕುಡಿದೆ. ಉಂಡು ಬಂದು ಮತ್ತೆ ಹಗ್ಗ ಜಗ್ಗತೊಡಗಿದೆ.

ಐದಾಗಿತ್ತು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಸ್ಕೂಟರಿನ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದೆ, ಆಮೇಲೆ ಡಬ್ಬಿಯನ್ನು ಮೂಸಿದೆ. ಟ್ಯಾಂಕಿನದು ಮೂಗಿಗೆ ಚುರ್ ಎಂದು ಹತ್ತುವ ಪೆಟ್ರೋಲು. ಡಬ್ಬಿಯಲ್ಲಿದ್ದದ್ದು ಹಳೆಯ ಬಣ್ಣದ ಡಬ್ಬಿಯ ವಾಸನೆಯ ಯಾವುದೋ ಪಾಕ. ಸ್ಕೂಟರಿಗೆ ದಿನಾ ಹಾಕಿ ದಿನಾ ಸುಡುತ್ತಿದ್ದ ನನಗೆ ಪೆಟ್ರೋಲು ಹಳಸುತ್ತದೆಂಬುದೇ ಗೊತ್ತಿರಲಿಲ್ಲ. ಅವ್ವನಿಗೆ ಪೆಟ್ರೋಲು ಗೊತ್ತಿರಲಿಲ್ಲ, ಹಳಸುವುದು ಗೊತ್ತಿತ್ತು.

ಸ್ಕೂಟರಿನಲ್ಲೂ ತಳ ಕಂಡಿತ್ತು. ಬನಹಟ್ಟಿಯ ಬಂಕಿಗೆ ಓಡಿಸಿದೆ. ಒಂದೇ ಲೀಟರ್ ತಂದೆ. ಹಳೆಯದನ್ನೆಲ್ಲ ಚೆಲ್ಲಿ, ಹೊಸದಾಗಿ ಅಳೆದು ಕಲಸುವಾಗ ಪಕ್ಕಕ್ಕೆ ಒಂದು ಕೈ ಬಂತು. ಅವ್ವನದು, ಅದರಲ್ಲಿ ನೀರು ಸೋಸುವ ಅರಿವೆಯ ಹಳೆಯ ತುಂಡು. ಇಸಿದುಕೊಂಡು, ಸೋಸಿ ಹಾಕಿದೆ. ಆರೇಳು ಸಲ ಜಗ್ಗಿದ ಮೇಲೆ ಯಂತ್ರ ಹೊಗೆ ಉಗುಳಿ ಶುರುವಾಯಿತು. ಅಷ್ಟು ಜೋರಾಗಿ ನಾನೆಂದೂ ಕೊಯ್ದಿರಲಿಲ್ಲ. ಎರಡು ಟೊಂಗೆ ತುಂಡು ಮಾಡಿ, ಒಂದು ಹೊರೆ ಎತ್ತಿಕೊಂಡು ಒಲೆಯ ಕಡೆ ಓಡಿದೆ.

ಅವ್ವ ಬಾಗಿಲಲ್ಲಿ ನಿಂತು ಪಡುವಣಕ್ಕೆ ನೋಡುತ್ತಿದ್ದಳು. ಹೊತ್ತು ಮುಳುಗಿತ್ತು. ತೆಗೆದಿಟ್ಟಿದ್ದ ಹಿಟ್ಟನ್ನು ಆಗಲೇ ಎಮ್ಮೆಯ ಬುಟ್ಟಿಗೆ ಸುರಿದಿದ್ದಳು. ಅದಕ್ಕೆ ಅಂದೇ ಮೂರನೆಯ ದಿನ. ಇನ್ನು ಆಕೆಯ ಬಾಯಿಗೆ ನೀರು ಬೀಳುವುದು ಮರುದಿನವೇ. ಕಟ್ಟಿಗೆಯ ಹೊರೆ ಹಿಡಿದು ನಿಂತ ನನಗೆ ಅದನ್ನು ಎಲ್ಲಿ ಇಳಿಸಬೇಕೆಂದು ತಿಳಿಯಲಿಲ್ಲ. ಅಷ್ಟು ನಾಚಿಕೆ ನನಗೆ ಆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ನಾಲ್ಕು ಮಾತು ಬೈದಿದ್ದರೆ ಹಗುರಾಗುತ್ತಿತ್ತೇನೋ.

ಅವ್ವ ನನ್ನ ಅಂಗೈ ತಿರುಗಿಸಿ ಬೊಬ್ಬೆಗಳನ್ನು ನೋಡಿದಳು.

"ಮುಂಜಾನಿಂದ ದಣದಿ. ನಿನಗ ಹಸವಾಗಿರಬೇಕು, ಒಳಗ ಹೋಗಿ ಉಣ್ಣು ತಮ್ಮಾ" ಅಂದಳು.